ಜಿಯೋಡೆಸಿಕ್: ಗಣಿತ, ಭೌತಶಾಸ್ತ್ರ, ಗುಮ್ಮಟ ಮೂರರಲ್ಲೂ ಒಂದೇ ಅರ್ಥವೇ?

ಕಬ್ಬಿಣದ_ಕಡಲೆ ಕೇಳಿದ್ದು:

ಒಂದು ಪ್ರೌಢಶಾಲೆಯ ವಿಜ್ಞಾನ ಕೇಂದ್ರಕ್ಕೆ 6 ಮೀಟರ್ ವ್ಯಾಸದ ಜಿಯೋಡೆಸಿಕ್ ಗುಮ್ಮಟ ಕಟ್ಟುವ ಯೋಜನೆ ಇದೆ. ಪಕ್ಕದಲ್ಲೇ ಒಂದು ವಿವರಣೆಯ ಫಲಕ. ಹತ್ತನೇ ತರಗತಿ ಮತ್ತು ಪಿಯುಸಿ ಮಕ್ಕಳಿಗೆ ಅರ್ಥವಾಗಬೇಕು, ತಪ್ಪೂ ಇರಬಾರದು. ಫಲಕ ಬರೆಯುವುದರಲ್ಲೇ ತೊಡಕು ಬಂದಿದೆ.

ಗಣಿತದ ಪುಸ್ತಕ ನೋಡಿದರೆ ಜಿಯೋಡೆಸಿಕ್ ಅಂದರೆ ಮೇಲ್ಮೈ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಚಿಕ್ಕ ದಾರಿ. ಸಾಪೇಕ್ಷತೆಯ ಪುಸ್ತಕದಲ್ಲಿ, ತಾನಾಗಿ ಬೀಳುವ ವಸ್ತು ಹಿಡಿಯುವ ದಾರಿ ಜಿಯೋಡೆಸಿಕ್, ಆ ದಾರಿಯಲ್ಲಿ ಗಡಿಯಾರ ಅತಿ ಹೆಚ್ಚು ಸಮಯ ತೋರಿಸುತ್ತದೆ ಅಂತ ಇದೆ. ಗುಮ್ಮಟದಲ್ಲಿ ಇರುವುದು ನೇರ ಪೈಪುಗಳು, ಗೋಳದ ಮೈಗೆ ಅಂಟಿಕೊಂಡದ್ದು ಒಂದೂ ಇಲ್ಲ. ಒಂದು ಕಡೆ ಕನಿಷ್ಠ, ಇನ್ನೊಂದು ಕಡೆ ಗರಿಷ್ಠ, ಮತ್ತೊಂದು ಕಡೆ ಎರಡೂ ಅಲ್ಲ. ಮೂರನ್ನೂ ಹಿಡಿಯುವ ಒಂದೇ ವ್ಯಾಖ್ಯೆ ಉಂಟೇ? ಗುಮ್ಮಟದ ಹೆಸರಿಗೂ ಗಣಿತಕ್ಕೂ ನಿಜವಾದ ನಂಟು ಇದೆಯೇ? ಲೆಕ್ಕ, ಅಳತೆ ಸಹಿತ ಹೇಳಿದರೆ ಉಪಕಾರ.

ಬಿಲ್ಲುಗೆರೆ ಉತ್ತರ:

ಉಂಟು. ಮೊದಲು "ಅತಿ ಚಿಕ್ಕ ದಾರಿ" ಎಂಬುದನ್ನು ಫಲಕದಿಂದ ತೆಗೆಯಿರಿ, ಗೊಂದಲದ ಬೇರು ಅದೇ. ಜಿಯೋಡೆಸಿಕ್ ಎಂದರೆ ಮೇಲ್ಮೈ ಮೇಲೆ ಎಡಕ್ಕೂ ಬಲಕ್ಕೂ ತಿರುಗದೆ ಸಾಗುವ ಗೆರೆ. ಮೇಲ್ಮೈಯೇ ಬಾಗಿದ್ದರೆ ಗೆರೆಯೂ ಅದರ ಜೊತೆ ಬಾಗಲೇಬೇಕು, ಆ ಬಾಗು ಲೆಕ್ಕಕ್ಕೆ ಬರುವುದಿಲ್ಲ. ಕರಾರುವಾಕ್ಕಾಗಿ ಹೇಳಬೇಕೆಂದರೆ, ಗೆರೆಯ ಮೇಲೆ ಒಂದೇ ವೇಗದಲ್ಲಿ ಹೋಗುವ ಬಿಂದುವಿನ ವೇಗೋತ್ಕರ್ಷ ಎಲ್ಲೆಡೆಯೂ ಮೇಲ್ಮೈಗೆ ಲಂಬವಾಗಿದ್ದರೆ ಆ ಗೆರೆ ಜಿಯೋಡೆಸಿಕ್. ಮೇಲ್ಮೈಯೊಳಗೆ ಪಕ್ಕಕ್ಕೆ ಎಳೆಯುವ ಭಾಗಕ್ಕೆ ಜಿಯೋಡೆಸಿಕ್ ವಕ್ರತೆ ಎಂದು ಹೆಸರು. ಅದು ಸೊನ್ನೆಯಾಗಿರಬೇಕು, ಅಷ್ಟೇ.

ಭೂಮಿಯನ್ನು 6371 ಕಿ.ಮೀ. ತ್ರಿಜ್ಯದ ಗೋಳ ಎಂದಿಟ್ಟುಕೊಳ್ಳಿ. 13 ಡಿಗ್ರಿ ಉತ್ತರ ಅಕ್ಷಾಂಶದ ಮೇಲೆ ನೇರ ಪೂರ್ವಕ್ಕೆ ಹೋಗುವವರು "ನೇರ" ಹೋಗುತ್ತಿಲ್ಲ. ಅವರು ಸದಾ ಸ್ವಲ್ಪ ಎಡಕ್ಕೆ ತಿರುಗುತ್ತಲೇ ಇರುತ್ತಾರೆ. ಆ ತಿರುವಿನ ತ್ರಿಜ್ಯ 6371 ಭಾಗಿಸು ಟ್ಯಾನ್ 13°, ಅಂದರೆ ಸುಮಾರು 27,600 ಕಿ.ಮೀ. ಸಮಭಾಜಕ ವೃತ್ತದ ಮೇಲೆ ಟ್ಯಾನ್ ಸೊನ್ನೆ, ಹಾಗಾಗಿ ಅದು ಜಿಯೋಡೆಸಿಕ್. ಉಳಿದ ಯಾವ ಅಕ್ಷಾಂಶ ವೃತ್ತವೂ ಅಲ್ಲ. ರೇಖಾಂಶಗಳು ಎಲ್ಲವೂ ಹೌದು.

ಕನಿಷ್ಠ ಎಂಬ ಮಾತು ಎಲ್ಲಿ ಸರಿ, ಎಲ್ಲಿ ತಪ್ಪು ಅಂತ ನೋಡಲು ಸಿಲಿಂಡರ್ ಸಾಕು. ಅದನ್ನು ಬಿಚ್ಚಿ ಚಪ್ಪಟೆ ಹಾಳೆ ಮಾಡಬಹುದು, ಹಾಳೆಯ ಮೇಲಿನ ಸರಳರೇಖೆಗಳೇ ಜಿಯೋಡೆಸಿಕ್‌ಗಳು. ಮತ್ತೆ ಸುತ್ತಿದಾಗ ಅವು ಸುರುಳಿಯಾಗುತ್ತವೆ. ಬೇರೆ ಬೇರೆ ಎತ್ತರದಲ್ಲಿರುವ ಎರಡು ಬಿಂದುಗಳ ನಡುವೆ ನೇರವಾಗಿ ಹೋಗುವ ಸುರುಳಿ, ಒಂದು ಸುತ್ತು ಹಾಕಿ ಹೋಗುವುದು, ಎರಡು ಸುತ್ತು ಹಾಕುವುದು, ಹೀಗೆ ಎಣಿಸಲಾರದಷ್ಟು ಇವೆ. ಎಲ್ಲವೂ ಜಿಯೋಡೆಸಿಕ್, ಅತಿ ಚಿಕ್ಕದು ಮಾತ್ರ ಸಾಮಾನ್ಯವಾಗಿ ಒಂದೇ. ನಿಜವಾದ ನಿಯಮ ಹೀಗೆ: ತುದಿಗಳನ್ನು ಹಿಡಿದು ಗೆರೆಯನ್ನು ಚೂರೇ ಚೂರು ಅಲುಗಿಸಿದರೆ ಉದ್ದ ಮೊದಲ ಹಂತದಲ್ಲಿ ಬದಲಾಗುವುದಿಲ್ಲ. ಹತ್ತಿರದ ಬಿಂದುಗಳ ನಡುವೆ ಅದು ಕನಿಷ್ಠವೇ. ದೂರ ಹೋದಂತೆ ಆ ಖಾತರಿ ಇಲ್ಲ. ಗೋಳದಲ್ಲಿ ಎದುರು ಬಿಂದುವನ್ನು ದಾಟಿದ ಕ್ಷಣದಿಂದ ಮಹಾವೃತ್ತ (ಗೋಳದ ಕೇಂದ್ರವೇ ಕೇಂದ್ರವಾಗಿರುವ ವೃತ್ತ) ಕನಿಷ್ಠವಾಗಿ ಉಳಿಯುವುದಿಲ್ಲ, ಜಿಯೋಡೆಸಿಕ್ ಆಗಿಯೇ ಮುಂದುವರಿಯುತ್ತದೆ.

ಮಕ್ಕಳಿಗೆ ಲೆಕ್ಕ ಬೇಕೆಂದರೆ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಗಳನ್ನು ತೆಗೆದುಕೊಳ್ಳಿ (13.2° ಉತ್ತರ, 77.7° ಪೂರ್ವ, 37.6° ಉತ್ತರ, 122.4° ಪಶ್ಚಿಮ). ಮಹಾವೃತ್ತದ ದೂರ ಸುಮಾರು 13,990 ಕಿ.ಮೀ. ಗೋಡೆಯ ಮರ್ಕೇಟರ್ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಪೂರ್ವಕ್ಕೆ ಎಳೆದ ಗೆರೆಯಲ್ಲಿ ಹೋದರೆ ಸುಮಾರು 16,100. ಎರಡು ಸಾವಿರಕ್ಕೂ ಮಿಕ್ಕಿ ಹೆಚ್ಚು.

ಇಲ್ಲಿಯೇ ಕ್ಲೆರೋ ನಿಯಮವನ್ನೂ ತೋರಿಸಬಹುದು. ಜಿಯೋಡೆಸಿಕ್ ಉದ್ದಕ್ಕೂ, ಅಕ್ಷಾಂಶದ ಕೊಸೈನನ್ನು ಉತ್ತರ ದಿಕ್ಕಿನಿಂದ ಅಳೆದ ಕೋನದ ಸೈನ್‌ನಿಂದ ಗುಣಿಸಿದರೆ ಬರುವ ಸಂಖ್ಯೆ ಬದಲಾಗುವುದಿಲ್ಲ. ಬೆಂಗಳೂರಿನಲ್ಲಿ ಹೊರಡುವ ಕೋನ ಉತ್ತರದಿಂದ ಪೂರ್ವಕ್ಕೆ 19.6°. ಗುಣಲಬ್ಧ 0.327. ದಾರಿ ಅತಿ ಉತ್ತರ ಮುಟ್ಟುವಲ್ಲಿ ಕೋನ 90°, ಹಾಗಾಗಿ ಅಲ್ಲಿನ ಅಕ್ಷಾಂಶದ ಕೊಸೈನ್ 0.327, ಅಂದರೆ ಸುಮಾರು 71° ಉತ್ತರ. ಅದು ಪೂರ್ವ ಸೈಬೀರಿಯಾ ಸಮುದ್ರದ ಮೇಲೆ. ಗಾಳಿ ಮತ್ತು ವಾಯುಪ್ರದೇಶದ ನಿರ್ಬಂಧಗಳಿಂದ ನಿಜವಾದ ವಿಮಾನ ಈ ಗೆರೆಯಿಂದ ಸರಿಯುತ್ತದೆ, ಆದರೂ ಉತ್ತರಕ್ಕೆ ಏಕೆ ಏರುತ್ತದೆ ಎಂಬುದಕ್ಕೆ ಕಾರಣ ಇದೇ.

ಕ್ಲೆರೋ ನಿಯಮ ಬರೀ ಪುಸ್ತಕದ್ದಲ್ಲ. ರಾಕೆಟ್ ಮೋಟಾರಿನ ಕವಚಕ್ಕೆ ನಾರು ಸುತ್ತುವಾಗ, ತುದಿಯ ಉಬ್ಬು ಭಾಗದಲ್ಲಿ ನಾರು ಜಿಯೋಡೆಸಿಕ್ ಹಿಡಿದು ಕೂತರೆ ಎಳೆದಾಗ ಪಕ್ಕಕ್ಕೆ ಜಾರುವುದಿಲ್ಲ. ಪಕ್ಕಕ್ಕೆ ಎಳೆಯುವ ಬಲವೇ ಅಲ್ಲಿ ಇಲ್ಲ. ತುದಿಯ ರಂಧ್ರದ ತ್ರಿಜ್ಯವನ್ನು ಸಿಲಿಂಡರಿನ ತ್ರಿಜ್ಯದಿಂದ ಭಾಗಿಸಿದರೆ ಸಿಲಿಂಡರ್ ಮೇಲೆ ನಾರು ಅಕ್ಷದೊಂದಿಗೆ ಇಡಬೇಕಾದ ಕೋನದ ಸೈನ್ ಸಿಗುತ್ತದೆ. ಅನುಪಾತ 0.2 ಆದರೆ ಕೋನ 11.5°. ಬೇರೆ ಕೋನದಲ್ಲಿ ಸುತ್ತಬೇಕೆಂದರೆ ಘರ್ಷಣೆಯನ್ನೇ ನಂಬಬೇಕು, ಅದು ಸಾಲದಾದ ಕಡೆ ನಾರು ಸರಿದು ಗುಂಪಾಗುತ್ತದೆ.

ದೇಶಕಾಲ_ಪ್ರಿಯ ಉತ್ತರ:

ಮೇಲಿನವರ "ತಿರುಗದೆ ಸಾಗುವ ಗೆರೆ" ಎಂಬ ವ್ಯಾಖ್ಯೆಯನ್ನು ಹಾಗೇ ಎತ್ತಿ ಜಾಗ, ಕಾಲ ಎರಡೂ ಸೇರಿದ ದೇಶಕಾಲಕ್ಕೆ ಹಾಕಿ, ಏನೂ ಬದಲಿಸಬೇಕಿಲ್ಲ. ಬದಲಾಗುವುದು ದೂರ ಅಳೆಯುವ ಸೂತ್ರ ಮಾತ್ರ. ಅಲ್ಲಿ ಕಾಲದ ಭಾಗಕ್ಕೂ ಜಾಗದ ಭಾಗಕ್ಕೂ ವಿರುದ್ಧ ಚಿಹ್ನೆ. ಆ ಒಂದು ಚಿಹ್ನೆಯಿಂದಲೇ ಕನಿಷ್ಠ ಹೋಗಿ ಗರಿಷ್ಠ ಬರುತ್ತದೆ.

ಎಷ್ಟು ಗರಿಷ್ಠ ಅಂತ ಲೆಕ್ಕ ಹಾಕೋಣ. ಒಂದು ಗಡಿಯಾರ ಕೈಯಲ್ಲಿ, ಇನ್ನೊಂದನ್ನು ಸೆಕೆಂಡಿಗೆ 9.8 ಮೀಟರ್ ವೇಗದಲ್ಲಿ ನೆಟ್ಟಗೆ ಮೇಲೆ ಎಸೆದಿರಿ. ಅದು 4.9 ಮೀಟರ್ ಏರಿ 2 ಸೆಕೆಂಡಿನಲ್ಲಿ ಕೈಗೆ ಮರಳುತ್ತದೆ. ಎತ್ತರದಲ್ಲಿ ಗಡಿಯಾರ ವೇಗವಾಗಿ ಓಡುತ್ತದೆ, ಚಲನೆಯಿಂದ ನಿಧಾನವಾಗುತ್ತದೆ. ಮೊದಲನೆಯದು ಎರಡನೆಯದರ ಎರಡರಷ್ಟು. ಉಳಿದದ್ದು 3.6 × 10⁻¹⁶ ಸೆಕೆಂಡ್, ಎಸೆದ ಗಡಿಯಾರದ್ದೇ ಮುಂದೆ. ಇನ್ನೂ ಎತ್ತರಕ್ಕೆ ಬೇಗ ಒಯ್ದು ಅದೇ 2 ಸೆಕೆಂಡಿನಲ್ಲಿ ಇಳಿಸಿದರೆ ವೇಗದ ನಷ್ಟ ಹೆಚ್ಚಿ ಲಾಭ ತಿನ್ನುತ್ತದೆ. ಕಡಿಮೆ ಎತ್ತರಕ್ಕೆ ಒಯ್ದರೆ ಎತ್ತರದ ಲಾಭವೇ ಸಾಲದು. ಎರಡರ ಸರಿಯಾದ ಸಮತೋಲ ಆ ಪ್ಯಾರಾಬೋಲಾ. ಚೆಂಡು ಬೀಳುವ ದಾರಿ ಅದೇ.

ಇಲ್ಲಿಯೂ "ಅತಿ ಹೆಚ್ಚು" ಎಂಬುದು ಹತ್ತಿರದ ಘಟನೆಗಳಿಗೆ ಮಾತ್ರ. ವೃತ್ತದಲ್ಲಿ ಸುತ್ತುವ ಉಪಗ್ರಹ ಒಂದು ಸುತ್ತು ಮುಗಿಸಿ ಅದೇ ಜಾಗಕ್ಕೆ ಬರುವ ಹೊತ್ತಿಗೆ ಸರಿಯಾಗಿ ಮರಳುವಂತೆ ಅಲ್ಲಿಂದ ನೆಟ್ಟಗೆ ಮೇಲೆ ಒಂದು ಗಡಿಯಾರ ಎಸೆದರೆ, ಎರಡೂ ಜಿಯೋಡೆಸಿಕ್‌ಗಳೇ. ಆದರೆ ಎಸೆದದ್ದು ಹೆಚ್ಚು ಸಮಯ ತೋರಿಸುತ್ತದೆ. ಸಿಲಿಂಡರಿನ ಸುರುಳಿಗಳ ಕತೆಯೇ ಇದು.

ಓದುಗರು ಸಾಮಾನ್ಯವಾಗಿ ಕೇಳುವುದು: ಚೆಂಡಿನ ದಾರಿ ಅಷ್ಟು ಬಾಗಿದೆ, ಗುಂಡಿನ ದಾರಿ ಬಹುತೇಕ ನೇರ, ಎರಡೂ ಒಂದೇ ಬಾಗಿದ ದೇಶಕಾಲದ "ನೇರ" ಗೆರೆ ಹೇಗೆ? ಕಾಲವನ್ನೂ ಮೀಟರಿನಲ್ಲಿ ಬರೆದರೆ ಉತ್ತರ ಸಿಗುತ್ತದೆ. 2 ಸೆಕೆಂಡ್ ಎಂದರೆ ಬೆಳಕು ಹೋಗುವ 6 × 10⁸ ಮೀಟರ್. ಆ ಉದ್ದಕ್ಕೆ 4.9 ಮೀಟರ್ ಉಬ್ಬು. ಕಮಾನಿನ ತ್ರಿಜ್ಯ = ಉದ್ದದ ವರ್ಗ ಭಾಗಿಸು ಉಬ್ಬಿನ 8 ಪಟ್ಟು = 9.2 × 10¹⁵ ಮೀಟರ್. ಗುಂಡು 0.2 ಸೆಕೆಂಡ್ ಹಾರಿದರೆ ಉಬ್ಬು 4.9 ಸೆಂ.ಮೀ., ಉದ್ದ 6 × 10⁷ ಮೀಟರ್. ತ್ರಿಜ್ಯ ಮತ್ತೆ 9.2 × 10¹⁵. ಸುಮಾರು ಒಂದು ಜ್ಯೋತಿರ್ವರ್ಷ. ಬೆಳಕಿನ ವೇಗದ ವರ್ಗವನ್ನು 9.8ರಿಂದ ಭಾಗಿಸಿದರೆ ಬರುವುದೂ ಅದೇ. ಫಲಕದಲ್ಲಿ ಈ ಎರಡು ಸಾಲಿನ ಲೆಕ್ಕ ಖಂಡಿತ ಹಾಕಿ.

ಒಂದು ಎಚ್ಚರಿಕೆ. ಈ ಜ್ಯೋತಿರ್ವರ್ಷದ ತ್ರಿಜ್ಯ ದೇಶಕಾಲದ ವಕ್ರತೆಯ ಅಳತೆ ಅಲ್ಲ. ನೆಲಕ್ಕೆ ಅಂಟಿಕೊಂಡ ನಮ್ಮ ಚೌಕಟ್ಟು ಮೇಲ್ಮುಖವಾಗಿ ವೇಗೋತ್ಕರ್ಷ ಹೊಂದಿರುವುದರಿಂದ ಅದು ಹಾಗೆ ಕಾಣುತ್ತದೆ. ಮೇಜಿನ ಮೇಲಿಟ್ಟ ಮೊಬೈಲಿನ ವೇಗೋತ್ಕರ್ಷ ಸಂವೇದಕ 9.8 ತೋರಿಸುತ್ತದೆ, ಬೀಳುವಾಗ ಸೊನ್ನೆಯ ಹತ್ತಿರ. ಜಿಯೋಡೆಸಿಕ್ ಮೇಲಿರುವುದು ಬೀಳುವ ಮೊಬೈಲ್, ಮೇಜಿನ ಮೇಲಿನದಲ್ಲ. ನಿಜವಾದ ವಕ್ರತೆ ಕಾಣಲು ಎರಡು ಚೆಂಡು ಬೇಕು. ಅಡ್ಡಕ್ಕೆ 1 ಮೀಟರ್ ದೂರದಲ್ಲಿ ಬಿಟ್ಟ ಎರಡು ಚೆಂಡುಗಳು ಬೀಳುತ್ತ ಒಂದಕ್ಕೊಂದು 1.5 × 10⁻⁶ ಮೀ./ಸೆ² ವೇಗೋತ್ಕರ್ಷದಿಂದ ಹತ್ತಿರವಾಗುತ್ತವೆ, ಎರಡೂ ಭೂಮಿಯ ಕೇಂದ್ರದತ್ತ ಮುಖ ಮಾಡಿರುವುದರಿಂದ. ಸಮಭಾಜಕದಲ್ಲಿ ಸಮಾಂತರವಾಗಿ ಹೊರಟ ಎರಡು ರೇಖಾಂಶಗಳು ಧ್ರುವದಲ್ಲಿ ಕೂಡುವುದೂ ಇದೇ ಲೆಕ್ಕಾಚಾರ. ಜಿಯೋಡೆಸಿಕ್‌ಗಳ ಒಂದು ಕಟ್ಟು ಹೇಗೆ ಒತ್ತೊತ್ತಾಗುತ್ತ ಹೋಗುತ್ತದೆ ಎಂಬ ಸಮೀಕರಣವನ್ನು ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ 1955ರಲ್ಲಿ ಪ್ರಕಟಿಸಿದರು. ಕುಸಿಯುವ ನಕ್ಷತ್ರದೊಳಗೆ ಜಿಯೋಡೆಸಿಕ್‌ಗಳು ಕೊನೆಗೊಳ್ಳಲೇಬೇಕು ಎಂದು ಪೆನ್‌ರೋಸ್ 1965ರಲ್ಲಿ ಕೊಟ್ಟ ಪ್ರಮೇಯದ ಬೆನ್ನೆಲುಬು ಅದು.

ಬೆಳಕೂ ಜಿಯೋಡೆಸಿಕ್ ಹಿಡಿಯುತ್ತದೆ, ಆದರೆ ಅದರ ಉದ್ದಕ್ಕೂ ಗಡಿಯಾರದ ಸಮಯ ಸೊನ್ನೆ, ಹಾಗಾಗಿ ಗರಿಷ್ಠ ಎಂಬ ಮಾತಿಗೆ ಅಲ್ಲಿ ಅರ್ಥವೇ ಇಲ್ಲ. "ತಿರುಗದೆ ಸಾಗುವುದು" ಎಂಬ ವ್ಯಾಖ್ಯೆ ಮಾತ್ರ ಅಲ್ಲೂ ನಿಲ್ಲುತ್ತದೆ. ಸೂರ್ಯನ ಅಂಚನ್ನು ಸವರಿ ಬರುವ ಬೆಳಕು 1.75 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ) ಬಾಗುತ್ತದೆ. 1919ರ ಮೇ 29ರ ಗ್ರಹಣದಲ್ಲಿ ಅಳೆದದ್ದು ಇದನ್ನೇ. ತನ್ನ ಸುತ್ತ ತಾನೇ ತಿರುಗದ ಕಪ್ಪುಕುಳಿಯ ಸುತ್ತ, ಅದರ ತ್ರಿಜ್ಯದ ಒಂದೂವರೆ ಪಟ್ಟು ದೂರದಲ್ಲಿ, ಬೆಳಕಿಗೆ ವೃತ್ತಾಕಾರದ ಜಿಯೋಡೆಸಿಕ್ ಇದೆ, ಕೂದಲೆಳೆ ತಪ್ಪಿದರೂ ಒಳಗೆ ಬೀಳುವ ಇಲ್ಲವೇ ಹೊರಗೆ ಹಾರುವ ಅಸ್ಥಿರ ದಾರಿ. ಅಲುಗಿಸಿದ ಕಪ್ಪುಕುಳಿ ಹೇಗೆ ಕಂಪಿಸಿ ಶಾಂತವಾಗುತ್ತದೆ ಎಂದು 1970ರಲ್ಲಿ ತೋರಿಸಿದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. ಮುಂದೆ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾದವರೂ ಅವರೇ. ಆ ಕಂಪನಕ್ಕೂ ಈ ಅಸ್ಥಿರ ದಾರಿಗೂ ನೇರ ಸಂಬಂಧವಿದೆ. ನಮ್ಮ ಮಕ್ಕಳು ಓದುವ ಫಲಕದಲ್ಲಿ ಅವರ ಹೆಸರು ಇರಲೇಬೇಕು.

ಕಬ್ಬಿಣದ_ಕಡಲೆ:

ಇಬ್ಬರಿಗೂ ಧನ್ಯವಾದ. ಗುಂಡು, ಚೆಂಡಿನ ಲೆಕ್ಕ ಫಲಕಕ್ಕೆ ಹೋಯಿತು. ಈಗ ಗುಮ್ಮಟ. 25 ಮಿ.ಮೀ. ಹೊರವ್ಯಾಸ, 1.6 ಮಿ.ಮೀ. ದಪ್ಪದ ಜಿಐ ಪೈಪ್, ತುದಿ ಚಪ್ಪಟೆ ಮಾಡಿ ಬೋಲ್ಟ್ ಹಾಕುವ ಯೋಚನೆ. 2ವಿ (ಮೂಲ ತ್ರಿಕೋನದ ಅಂಚನ್ನು ಎರಡು ಭಾಗ ಮಾಡಿದ್ದು) ಸಾಕೇ, 3ವಿ (ಮೂರು ಭಾಗ ಮಾಡಿದ್ದು) ಬೇಕೇ? ಹೆಸರಿಗೆ ತಕ್ಕ ಜಿಯೋಡೆಸಿಕ್ ಅದರಲ್ಲಿ ಎಲ್ಲಿದೆ?

ನಟ್ಟು_ಬೋಲ್ಟು ಉತ್ತರ:

6 ಮೀಟರಿಗೆ 2ವಿ ಮಾಡಿ. ಕಾರಣ ಖರ್ಚಲ್ಲ, ನಿಮ್ಮ ಫಲಕವೇ. ಜಿಯೋಡೆಸಿಕ್ ಎಂಬುದನ್ನು ಕಣ್ಣಾರೆ ತೋರಿಸುವುದಕ್ಕೆ 2ವಿಗಿಂತ ಒಳ್ಳೆಯದು ಇಲ್ಲ.

ಇಪ್ಪತ್ತು ತ್ರಿಕೋನ ಮುಖಗಳ ಐಕೋಸಾಹೆಡ್ರನ್‌ನಿಂದ ಶುರು. ಪ್ರತಿ ಅಂಚಿನ ಮಧ್ಯಬಿಂದು ಗುರುತಿಸಿ ಗೋಳದ ಮೇಲಕ್ಕೆ ತಳ್ಳಿ. ಒಂದು ಮುಖ ನಾಲ್ಕು ತ್ರಿಕೋನವಾಗುತ್ತದೆ. ಪೈಪ್ ಎರಡೇ ಅಳತೆ: ಎ = ತ್ರಿಜ್ಯ × 0.54653, ಬಿ = ತ್ರಿಜ್ಯ × 0.61803. ನಿಮ್ಮ 3 ಮೀಟರ್ ತ್ರಿಜ್ಯಕ್ಕೆ ತೂತಿನಿಂದ ತೂತಿಗೆ ಎ 1.640 ಮೀ., ಬಿ 1.854 ಮೀ. ಅರ್ಧಗೋಳಕ್ಕೆ ಎ 30, ಬಿ 35, ಒಟ್ಟು 65. ತ್ರಿಕೋನ 40. ಕೂಡು (ಪೈಪುಗಳು ಸೇರುವ ಗಂಟು) 26: ಐದು ಪೈಪಿನವು 6, ಆರು ಪೈಪಿನವು 10, ನೆಲದ ಮೇಲಿನ ನಾಲ್ಕು ಪೈಪಿನವು 10.

ಈಗ ನಿಮ್ಮ ಪ್ರಶ್ನೆ. ಪೈಪ್ ಪ್ರತಿಯೊಂದೂ ಗೋಳದ ಒಳಗಿನಿಂದ ಹಾದುಹೋಗುವ ಜ್ಯಾ, ಅದು ಗೋಳದ ಜಿಯೋಡೆಸಿಕ್ ಅಲ್ಲ. ಆದರೆ ಕೇಂದ್ರದಲ್ಲಿ ದೀಪವಿಟ್ಟರೆ ಗೋಳದ ಮೇಲೆ ಅದರ ನೆರಳು ಮಹಾವೃತ್ತದ ತುಂಡು. ಇದು ಯಾವ ಜ್ಯಾಕ್ಕೂ ನಿಜ, ಹಾಗಾಗಿ ಅಷ್ಟರಿಂದಲೇ ಹೆಸರು ಸಾರ್ಥಕವಾಗುವುದಿಲ್ಲ. ಸ್ವಾರಸ್ಯ ಇರುವುದು ಒಂದು ಪೈಪ್ ಮುಗಿದಲ್ಲಿ ಮುಂದಿನದು ಅದೇ ಮಹಾವೃತ್ತದಲ್ಲಿ ಮುಂದುವರಿಯುತ್ತದೆಯೇ ಎಂಬುದರಲ್ಲಿ. 2ವಿಯಲ್ಲಿ ಬಿ ಪೈಪುಗಳೆಲ್ಲ ಮುಂದುವರಿಯುತ್ತವೆ. ಪೂರ್ಣ ಗೋಳದ 60 ಬಿ ಪೈಪುಗಳು ಹತ್ತತ್ತರಂತೆ 6 ಸಂಪೂರ್ಣ ಮಹಾವೃತ್ತಗಳಾಗುತ್ತವೆ. ಅರ್ಧಗೋಳದಲ್ಲಿ ಅವುಗಳಲ್ಲಿ ಒಂದು ನೆಲದ ಉಂಗುರ (10 ಪೈಪ್), ಉಳಿದ ಐದು ನೆಲದಿಂದ ನೆಲಕ್ಕೆ ಕಮಾನುಗಳು (ತಲಾ 5 ಪೈಪ್). 10 + 25 = 35, ಲೆಕ್ಕ ಸರಿ. ಎ ಪೈಪುಗಳಿಗೆ ಈ ಭಾಗ್ಯವಿಲ್ಲ. ಅವು ಐದು ಪೈಪಿನ ಕೂಡಿಗೆ ಬಂದು ನಿಲ್ಲುತ್ತವೆ. ಐದು ಬೆಸಸಂಖ್ಯೆ, ಎದುರಿಗೆ ಪೈಪೇ ಇಲ್ಲ, ಎರಡು ಪೈಪುಗಳ ನಡುವಿನ ಖಾಲಿ ಇದೆ. ಐದು ಬಿ ಕಮಾನುಗಳಿಗೂ ನೆಲದ ಉಂಗುರಕ್ಕೂ ಒಂದು ಬಣ್ಣ, ಎ ಪೈಪಿಗೆ ಇನ್ನೊಂದು ಬಣ್ಣ ಬಳಿಯಿರಿ. ಪಾಠ ತಾನಾಗಿ ಕಾಣುತ್ತದೆ.

3ವಿಯಲ್ಲಿ ಅಳತೆ ಮೂರು (0.34862, 0.40355, 0.41241), ಅರ್ಧಕ್ಕೆ ಸರಿಯಾಗಿ ಕತ್ತರಿಸುವ ಮಹಾವೃತ್ತ ಅದರಲ್ಲಿಲ್ಲ. ಅರ್ಧಕ್ಕಿಂತ ಸ್ವಲ್ಪ ಮೇಲೆ ಅಥವಾ ಕೆಳಗೆ ಕತ್ತರಿಸಬೇಕು, ಆಗಲೂ ತಳದ ಕೂಡುಗಳು ಒಂದೇ ಮಟ್ಟದಲ್ಲಿ ಕೂರುವುದಿಲ್ಲ, ಕಟ್ಟೆಯಲ್ಲಿ ಸರಿಮಾಡಿಕೊಳ್ಳಬೇಕು. 2ವಿ ನೆಲದ ಮೇಲೆ ಸಪಾಟಾಗಿ ಕೂರುವುದು ಅದರ ತಳವೇ ಒಂದು ಪೂರ್ಣ ಜಿಯೋಡೆಸಿಕ್ ಸರಣಿ ಆಗಿರುವುದರಿಂದ.

ಪೈಪ್ ಕತ್ತರಿಸುವಾಗ ತೂತಿನಾಚೆ ತಲಾ 20 ಮಿ.ಮೀ. ಸೇರಿಸಿ: ಎ 1.680, ಬಿ 1.894. 6 ಮೀಟರ್ ಪೈಪಿನಲ್ಲಿ ಯಾವುದಾದರೂ ಮೂರೇ ಬರುತ್ತವೆ. ಬಿಗೆ 12, ಎಗೆ 10, ಒಟ್ಟು 22 ಪೈಪ್ ತರಿಸಿ. ತೂಕ ಮೀಟರಿಗೆ ಸುಮಾರು 0.92 ಕೆ.ಜಿ., ಅಂದರೆ ಚೌಕಟ್ಟು ಒಟ್ಟು 108 ಕೆ.ಜಿ. ಆಸುಪಾಸು.

ಎರಡೂ ತುದಿಯನ್ನು ವೈಸ್‌ನಲ್ಲಿ ಒಂದೇ ಸಮತಲದಲ್ಲಿ ಚಪ್ಪಟೆ ಮಾಡಿ. ಒಂದು ತುದಿ ತಿರುಚಿಕೊಂಡರೆ ಬೋಲ್ಟ್ ಬಿಗಿದಾಗ ಆ ಪೈಪ್ ಕೂಡನ್ನೇ ತಿರುಗಿಸುತ್ತದೆ. ಬಾಗು ಎಗೆ 16°, ಬಿಗೆ 18°, ಎರಡು ತುದಿಯೂ ಒಂದೇ ಕಡೆಗೆ. ತೂತು 11 ಮಿ.ಮೀ., ಬೋಲ್ಟ್ 10 ಮಿ.ಮೀ. ಆರು ಚಪ್ಪಟೆ ತುದಿ ಒಂದರ ಮೇಲೊಂದು ಬಂದರೆ 19 ಮಿ.ಮೀ. ಆಗುತ್ತದೆ, ವಾಷರ್, ನಟ್ ಸೇರಿ 40 ಮಿ.ಮೀ. ಉದ್ದದ ಬೋಲ್ಟ್ ಬೇಕು. ತುದಿಗಳನ್ನು ಪೇರಿಸುವ ಕ್ರಮ ಎಲ್ಲ ಆರು ಪೈಪಿನ ಕೂಡುಗಳಲ್ಲೂ ಒಂದೇ ಇರಲಿ, ಎದುರುಬದುರು ಬಿಗಳು ಅಕ್ಕಪಕ್ಕದ ಪದರದಲ್ಲಿ ಬರಲಿ.

ಅಳತೆಯಲ್ಲಿ ಕಾಡುವ ತಪ್ಪು ಯಾವುದು ಅಂದರೆ, ಎಲ್ಲ ಪೈಪೂ ಒಂದೇ ಪ್ರಮಾಣದಲ್ಲಿ ಗಿಡ್ಡವಾದರೆ ಗುಮ್ಮಟ ಚೂರು ಚಿಕ್ಕದಾಗುತ್ತದೆ, ಬೇರೇನೂ ಇಲ್ಲ. ಎ ಭಾಗಿಸು ಬಿ ಎಂಬ ಅನುಪಾತ 0.884 ಕೆಟ್ಟರೆ ಮಾತ್ರ ಕೊನೆಯ ತ್ರಿಕೋನ ಕೂಡುವುದಿಲ್ಲ. ಟೇಪು ಹಿಡಿದು ಒಂದೊಂದೇ ಅಳೆಯಬೇಡಿ. ಒಂದು ಹಲಗೆಯ ಮೇಲೆ ಎರಡು ಗೂಟದ ಜಿಗ್ ಮಾಡಿ, ಎಗೊಂದು ಬಿಗೊಂದು, ಬಾಗಿಸಿದ ಮೇಲೆ ಜಿಗ್‌ನಲ್ಲಿಟ್ಟು ತೂತು ಹೊಡೆಯಿರಿ.

ಜೋಡಣೆಗೆ ಮೂರೇ ನಿಯಮ: ಐದರ ಕೂಡಿಗೆ ಐದೂ ಎ. ಆರರ ಕೂಡಿಗೆ ಎ ಎರಡು, ಬಿ ನಾಲ್ಕು. ನೆಲದ ಕೂಡಿಗೆ ಎ ಒಂದು, ಬಿ ಮೂರು. ಬೋಲ್ಟುಗಳನ್ನು ಕೊನೆಯವರೆಗೂ ಸಡಿಲವಾಗಿಡಿ. ಮೊದಲೇ ಬಿಗಿದವರು ಕೊನೆಯ ಐದು ಪೈಪಿಗೆ ಸುತ್ತಿಗೆ ಹಿಡಿಯಬೇಕಾಗುತ್ತದೆ. ಮುಗಿದ ಮೇಲೆ ಎತ್ತರ ನೋಡಿ: ನೆತ್ತಿ 3.00 ಮೀ., ಅದರ ಸುತ್ತಿನ ಐದು 2.55, ನಂತರದ ಐದು 1.58, ಕೆಳಗಿನ ಐದರ ಕೂಡುಗಳು 1.34. ಪ್ರತಿ ಬಿ ಕಮಾನನ್ನೂ ಪಕ್ಕದಿಂದ ಒಂದೇ ಕಣ್ಣಲ್ಲಿ ನೋಡಿ, ಐದೂ ಪೈಪ್ ಒಂದೇ ಸಮತಲದಲ್ಲಿ ಒಂದೇ ಗೆರೆಯಾಗಿ ಕಾಣಬೇಕು. ಯಾವ ಕಮಾನು ಅಂಕುಡೊಂಕಾಗಿ ಕಾಣುತ್ತದೋ ಅಲ್ಲಿ ಎ, ಬಿ ಅದಲುಬದಲಾಗಿದೆ.

ನಕ್ಷೆಗಾರ ಉತ್ತರ:

ಫಲಕದಲ್ಲಿ ದೂರ ಬರೆಯುವಾಗ "ಭೂಮಿಯನ್ನು ಗೋಳ ಎಂದು ಭಾವಿಸಿ" ಎಂದು ಸೇರಿಸಿ. ನಿಜವಾದ ಆಕಾರ ಧ್ರುವಗಳಲ್ಲಿ 298ರಲ್ಲಿ ಒಂದು ಭಾಗದಷ್ಟು ಚಪ್ಪಟೆ, ಗೋಳದ ಲೆಕ್ಕ ಅರ್ಧ ಶೇಕಡದ ಸುಮಾರಿಗೆ ತಪ್ಪಬಹುದು. ಚಪ್ಪಟೆ ಗೋಳದ ಮೇಲೆ ಜಿಯೋಡೆಸಿಕ್‌ಗಳು ಸಾಮಾನ್ಯವಾಗಿ ಸುತ್ತಿ ಬಂದು ಕೂಡುವುದೂ ಇಲ್ಲ. ಲೆಕ್ಕಕ್ಕೆ 1975ರ ವಿನ್ಸೆಂಟಿ ಸೂತ್ರ ಈಗಲೂ ಬಳಕೆಯಲ್ಲಿದೆ, ಆದರೆ ಬಹುತೇಕ ಎದುರುಬದುರಾಗಿರುವ ಬಿಂದುಗಳಿಗೆ ಅದು ಉತ್ತರಕ್ಕೆ ಬಂದು ನಿಲ್ಲುವುದೇ ಇಲ್ಲ. ಕಾರ್ನಿ 2013ರಲ್ಲಿ ಕೊಟ್ಟ ವಿಧಾನಕ್ಕೆ ಆ ತೊಂದರೆ ಇಲ್ಲ, ಹೊಸದಾಗಿ ಬರೆಯುವವರು ಅದನ್ನೇ ಬಳಸಿ.

ಚಿಕ್ಕ ದೂರಕ್ಕೆ ಇದೆಲ್ಲ ಎಷ್ಟು ಸಣ್ಣದು ಎಂಬುದೂ ಮಕ್ಕಳಿಗೆ ಗೊತ್ತಾಗಲಿ. ಬೆಂಗಳೂರು, ಚೆನ್ನೈ ಎರಡೂ 13° ಮೇಲಿವೆ ಎಂದಿಟ್ಟುಕೊಂಡರೆ ಸುಮಾರು 290 ಕಿ.ಮೀ. ದೂರಕ್ಕೆ ಅಕ್ಷಾಂಶದ ದಾರಿ ಮಹಾವೃತ್ತಕ್ಕಿಂತ ಹೆಚ್ಚು ಇರುವುದು ಬರೀ 1.3 ಮೀಟರ್. ಕೋನಗಳು ಮಾತ್ರ ಬೇಗ ಸಿಕ್ಕಿಬೀಳುತ್ತವೆ. ಬದಿ 100 ಕಿ.ಮೀ. ಇರುವ ಸಮಬಾಹು ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿಗಿಂತ 22 ಆರ್ಕ್‌ಸೆಕೆಂಡ್ ಹೆಚ್ಚು. ಆ ಹೆಚ್ಚಳ ಎಂದರೆ ತ್ರಿಕೋನದ ವಿಸ್ತೀರ್ಣ ಭಾಗಿಸು ಭೂತ್ರಿಜ್ಯದ ವರ್ಗ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆ ಅಳೆದು ಶುರುವಾದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಈ ತಿದ್ದುಪಡಿ ದಿನದ ಕೆಲಸವಾಗಿತ್ತು.

ಬಿಲ್ಲುಗೆರೆ ಉತ್ತರ:

ನಟ್ಟು_ಬೋಲ್ಟು ಅವರ ಆರು ಮಹಾವೃತ್ತಗಳ ವಿವರಣೆಗೆ ಒಂದು ಸೇರ್ಪಡೆ. ಗುಮ್ಮಟ ಗಟ್ಟಿಯಾಗಿರುವುದು ಜಿಯೋಡೆಸಿಕ್ ಆಗಿರುವುದರಿಂದ ಎಂದು ಫಲಕದಲ್ಲಿ ಬರೆಯಬೇಡಿ. ಗಟ್ಟಿತನ ತ್ರಿಕೋನದ್ದು. ಕೀಲು ಕೂಡುಗಳ ಚೌಕಟ್ಟು ಅಲುಗದಿರಲು ಕನಿಷ್ಠ ಬೇಕಾದ ಪೈಪ್ = ಕೂಡುಗಳ 3 ಪಟ್ಟು ಕಳೆ 6. ಪೂರ್ಣ ಗೋಳಕ್ಕೆ 42 ಕೂಡು, 3 × 42 − 6 = 120, ಇರುವುದೂ ಸರಿಯಾಗಿ 120. ಅರ್ಧಗೋಳಕ್ಕೆ 3 × 26 − 6 = 72 ಬೇಕು, ಇರುವುದು 65. ಏಳು ಕಡಿಮೆ. ತಳ ತೆರೆದ ಗುಮ್ಮಟವನ್ನು ಇಬ್ಬರು ಎತ್ತಿ ಹಿಡಿದರೆ ಅದು ಓಲಾಡುವುದು ಇದಕ್ಕೇ. ಆ ಏಳನ್ನು ನೆಲ ಕೊಡಬೇಕು. ಹಾಗಾಗಿ ಹತ್ತೂ ನೆಲದ ಕೂಡುಗಳನ್ನು ಭದ್ರಮಾಡುವುದು ಗಾಳಿಗೆ ಮಾತ್ರವಲ್ಲ, ಆಕಾರ ಉಳಿಸಿಕೊಳ್ಳಲೂ ಬೇಕು.

ವಾಸ್ತುಶಿಲ್ಪದಲ್ಲಿ ಅಕ್ಷರಶಃ ಜಿಯೋಡೆಸಿಕ್ ಬೇಕಾಗುವ ಕಡೆಗಳೂ ಇವೆ. ಅಗಲದ ತೆಳು ಮರದ ಪಟ್ಟಿಯನ್ನು ಬಾಗಿದ ಮೇಲ್ಮೈಗೆ ಮಲಗಿಸಿದರೆ ಅದು ತೆಳುಭಾಗಕ್ಕೆ ಬಾಗುತ್ತದೆ, ತಿರುಚಿಕೊಳ್ಳುತ್ತದೆ, ಆದರೆ ತನ್ನ ಅಗಲದ ದಿಕ್ಕಿನಲ್ಲಿ ಬಾಗಲು ಒಪ್ಪುವುದಿಲ್ಲ. ಎಡಬಲ ತಿರುಗದ ಗೆರೆಯೇ ಅದರ ದಾರಿ. ಗುಡಾರದಂಥ ಬಟ್ಟೆ ಚಾವಣಿಯ ಹೊಲಿಗೆಗಳನ್ನೂ ಜಿಯೋಡೆಸಿಕ್ ಉದ್ದಕ್ಕೆ ಇಡುತ್ತಾರೆ. ಬಿಚ್ಚಿದ ತುಂಡುಗಳು ನೇರವಾಗಿ ಬರುತ್ತವೆ, ಥಾನಿನಲ್ಲಿ ಬಟ್ಟೆ ಹಾಳಾಗುವುದಿಲ್ಲ. ಮಕ್ಕಳ ಕೈಗೆ ಒಂದು ಕುಂಬಳಕಾಯಿ ಮತ್ತು 5 ಮಿ.ಮೀ. ಅಗಲದ ಕಾಗದದ ಅಂಟುಪಟ್ಟಿ ಕೊಡಿ. ಸುಕ್ಕು ಬಾರದಂತೆ, ಎಳೆಯದೆ ಅಂಟಿಸುತ್ತ ಹೋದರೆ ಪಟ್ಟಿ ಹಿಡಿಯುವುದು ಜಿಯೋಡೆಸಿಕ್. ತೊಟ್ಟಿನ ಸುತ್ತ ಉಂಗುರವಾಗಿ ಅಂಟಿಸಲು ಹೋದರೆ ಒಳ ಅಂಚು ಸುಕ್ಕಾಗುತ್ತದೆ.

ಕಬ್ಬಿಣದ_ಕಡಲೆ:

ಕುಂಬಳಕಾಯಿ ಪ್ರಯೋಗ ಖಂಡಿತ ಮಾಡಿಸುತ್ತೇವೆ. ಕೊನೆಯದಾಗಿ ಬಾಗಿಲು, ಮಳೆ, ಗಾಳಿ. ಇವಕ್ಕೆ ಏನು ಮಾಡಬೇಕು? ಮಕ್ಕಳು ಹತ್ತಿದರೆ ತಡೆಯುತ್ತದೆಯೇ?

ನಟ್ಟು_ಬೋಲ್ಟು ಉತ್ತರ:

ಬಾಗಿಲು: ನೆಲದ ತ್ರಿಕೋನಗಳ ತುದಿ 1.34 ಅಥವಾ 1.58 ಮೀಟರಿನಲ್ಲೇ ಮುಗಿಯುತ್ತದೆ. ದೊಡ್ಡವರು ನುಗ್ಗಲಾರರು. ಒಂದು ಪೈಪ್ ತೆಗೆದುಬಿಟ್ಟರೆ ಒಂದು ಕಮಾನು ಮುರಿಯುತ್ತದೆ, ಸುತ್ತಲಿನ ಕೂಡುಗಳು ಸಡಿಲವಾಗುತ್ತವೆ. ಸುಲಭ ದಾರಿ ಎಂದರೆ 60 ಸೆಂ.ಮೀ. ಕಟ್ಟೆಯ ಮೇಲೆ ಗುಮ್ಮಟ ಕೂರಿಸಿ, ಬಾಗಿಲಿರುವ ಕಡೆ ಕಟ್ಟೆ ಬಿಟ್ಟು, 1.58 ಮೀಟರಿನ ಬಿ-ಬಿ-ಬಿ ತ್ರಿಕೋನದ ಕೆಳಗಿನ ಪೈಪಿನ ಬದಲಿಗೆ ಕಟ್ಟೆಗೆ ಬೆಸೆದ ಗಟ್ಟಿ ಚೌಕಟ್ಟು ಕೊಡುವುದು. ಆ ಚೌಕಟ್ಟು ತೆಗೆದ ಪೈಪಿನ ಎಳೆತ, ಒತ್ತಡ ಎರಡನ್ನೂ ಹೊರುವಂತಿರಬೇಕು.

ಮಳೆ: ನೆಲದ ಹತ್ತು ಬಿಟ್ಟರೆ ಉಳಿದ 55 ಪೈಪಿನ ಮೇಲೂ ಒಂದೊಂದು ಕೂಡುಗೆರೆ, ಒಟ್ಟು ಸುಮಾರು 95.5 ಮೀಟರ್. ತ್ರಿಕೋನ ಹಾಳೆಗಳನ್ನು ಹೊದಿಸಿದರೆ ಅಷ್ಟುದ್ದವೂ ಸೋರಬಹುದಾದ ಜಾಗ. ಬಿಸಿಲಿಗೆ ಹಾಳೆ ಹಿಗ್ಗಿ ಕುಗ್ಗಿ ಸೀಲಂಟ್ ಬಿರಿಯುತ್ತದೆ, ನೆತ್ತಿಯ ಸುತ್ತಿನ ಇಳಿಜಾರು ಕಡಿಮೆ ಇರುವ ತ್ರಿಕೋನಗಳಲ್ಲಿ ಮೊದಲು. ಮಳೆನಾಡಿಗೆ ಬೆಸೆದ ಒಂದೇ ಹೊದಿಕೆಯೇ ಮೇಲು. ಚೌಕಟ್ಟಿನ ಮೈ ವಿಸ್ತೀರ್ಣ 52.5 ಚದರ ಮೀಟರ್, ಮಡಿಕೆ, ವ್ಯರ್ಥ ಬೇರೆ. ಬೆಂಕಿ ಹಿಡಿಯದ ಬಟ್ಟೆ ನೋಡಿ. 1967ರ ಮಾಂಟ್ರಿಯಲ್ ಪ್ರದರ್ಶನಕ್ಕೆ ಬಕ್‌ಮಿನ್‌ಸ್ಟರ್ ಫುಲ್ಲರ್ ಕಟ್ಟಿದ 76 ಮೀಟರ್ ವ್ಯಾಸದ ಗುಮ್ಮಟದ ಅಕ್ರಿಲಿಕ್ ಹೊದಿಕೆ 1976ರ ಮೇ 20ರಂದು ಸುಟ್ಟುಹೋಯಿತು, ಉಕ್ಕಿನ ಚೌಕಟ್ಟು ಮಾತ್ರ ಉಳಿಯಿತು. ಅಂದಹಾಗೆ ಫುಲ್ಲರ್ ಪೇಟೆಂಟ್ 1954ರದ್ದು. ಅದಕ್ಕೂ ಮುಂಚೆ, 1920ರ ದಶಕದಲ್ಲಿ, ಜರ್ಮನಿಯ ಯೇನಾದಲ್ಲಿ ವಾಲ್ಟರ್ ಬವರ್ಸ್‌ಫೆಲ್ಡ್ ತಾರಾಲಯಕ್ಕಾಗಿ ಇಂಥ ಚೌಕಟ್ಟು ಕಟ್ಟಿದ್ದರು. ಫಲಕದಲ್ಲಿ ಇಬ್ಬರ ಹೆಸರೂ ಬರಲಿ.

ಹತ್ತುವುದು: ನೆತ್ತಿಯಲ್ಲಿ 80 ಕೆ.ಜಿ. ತೂಕ ಬಿದ್ದರೆ ಐದು ಎ ಪೈಪುಗಳು 15.9° ಇಳಿಜಾರಿನಲ್ಲಿ ಹೊರಬೇಕು. ತಲಾ 80 ÷ (5 × 0.273), ಸುಮಾರು 59 ಕೆ.ಜಿ. ಒತ್ತಡ. ಪೈಪಿಗೆ ಅದು ದೊಡ್ಡದಲ್ಲ. ಪೈಪಿನ ನಡುವೆ ಜೋತಾಡಿದರೆ ಮಾತ್ರ 25 ಮಿ.ಮೀ. ಪೈಪ್ ಬಾಗುತ್ತದೆ, ಅದನ್ನು ತಡೆಯಿರಿ. ಹೆಚ್ಚು ವಿಭಾಗ ಮಾಡಿದಷ್ಟೂ ಈ ಇಳಿಜಾರು ಚಪ್ಪಟೆಯಾಗುತ್ತದೆ. 6ವಿಯಲ್ಲಿ ಸುಮಾರು 5°, ಆಗ ಅದೇ ತೂಕಕ್ಕೆ ಪ್ರತಿ ಪೈಪಿನಲ್ಲಿ ಮೂರು ಪಟ್ಟು ಒತ್ತಡ, ಕೂಡು ಒಮ್ಮೆಲೇ ಒಳಕ್ಕೆ ಕುಸಿಯುವ ಅಪಾಯ. ಮಾಂಟ್ರಿಯಲ್‌ನಂಥ ದೊಡ್ಡ ಗುಮ್ಮಟಕ್ಕೆ ಎರಡು ಪದರ ಇರುವುದು ಇದಕ್ಕೆ.

ಗಾಳಿ: ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಾಳಿಯ ಹೊರೆಗಿರುವ ಭಾರತೀಯ ಮಾನಕ ಐಎಸ್ 875 ಭಾಗ 3ರಲ್ಲಿ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಒತ್ತಡ = 0.6 × ವೇಗದ ವರ್ಗ, ಅಂದರೆ ಚದರ ಮೀಟರಿಗೆ 653 ಮತ್ತು 913 ನ್ಯೂಟನ್, ಸ್ಥಳದ ಗುಣಾಂಕಗಳು ಬೇರೆ. ಗುಮ್ಮಟ ಆವರಿಸುವ ವೃತ್ತ 28.3 ಚದರ ಮೀಟರ್. ಆ ಒತ್ತಡದ ಮೂರನೇ ಒಂದು ಭಾಗ ಮೇಲಕ್ಕೆ ಎಳೆದರೂ ಬೆಂಗಳೂರಿನಲ್ಲಿ 6 ಕಿಲೋನ್ಯೂಟನ್, 600 ಕೆ.ಜಿ.ಗೂ ಹೆಚ್ಚು. ನಿಮ್ಮ ಚೌಕಟ್ಟು 108 ಕೆ.ಜಿ. ಹೊದಿಕೆ ಹಾಕಿದ ದಿನವೇ ಅದು ಹಾರಬಲ್ಲದು. ಹತ್ತೂ ಕೂಡುಗಳ ಕೆಳಗೆ 40 × 40 × 45 ಸೆಂ.ಮೀ. ಕಾಂಕ್ರೀಟ್ ಗಟ್ಟಿ (ತಲಾ ಸುಮಾರು 170 ಕೆ.ಜಿ.), ಅಥವಾ ಕಟ್ಟೆಯೊಳಗೆ ಅಷ್ಟೇ ತೂಕ ಹಿಡಿಯುವ ಆಂಕರ್ ಬೋಲ್ಟ್ ಕೊಡಿ. ಸಾರ್ವಜನಿಕ ಕಟ್ಟಡವಾದ್ದರಿಂದ ಈ ಲೆಕ್ಕಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಬೇಕೇ ಬೇಕು. ಆಂಕರ್ ಬಿಗಿದು ಮುಗಿಯುವವರೆಗೆ ಹೊದಿಕೆ ಏರಿಸಬೇಡಿ.